ಬೆಳ್ಳಗಾದ ತಟ್ಟೆಗಳು

ಮಾರ್ಚ್ 4, ಸೋಮವಾರ

ವಿಜ್ಞಾನ ಪತ್ರಿಕೆಯವರ ಉತ್ತರ ಬಂತು. ಇಬ್ಬರು ಪರಿಶೀಲಕರಲ್ಲಿ ಮೊದಲನೆಯವರು ನನ್ನ ಲೇಖನವನ್ನು ಹೊಗಳಿ ಅಟ್ಟಕ್ಕೇರಿಸಿದ್ದಾರೆ. ಎರಡನೆಯ ಮಹಾಶಯರಿಗೆ ಇನ್ನೊಂದು ಪ್ರಯೋಗ ಬೇಕಂತೆ. ಒಂದೇ ಒಂದು. ತೊಂಬತ್ತು ದಿನ ಗಡುವು. ಓದಿದ ತಕ್ಷಣ ಕಾಗದವನ್ನು ಮುದುರಿ ಮೂಲೆಗೆ ಎಸೆದೆ. ಅದು ಕಡತಕ್ಕೆ ಸೇರಬೇಕಾದ ಪ್ರತಿ ಎಂದು ಆಮೇಲೆ ನೆನಪಾಗಿ, ಹೆಕ್ಕಿ ತಂದು ಅಂಗೈಯಲ್ಲಿ ಉಜ್ಜಿ ಉಜ್ಜಿ ಸರಿಮಾಡಿದೆ.

ಆರು ವರ್ಷದ ಕೆಲಸ ಇದು. ಈಸ್ಟಿನ ಜೀವಕೋಶದೊಳಗೆ ಉಸಿರಾಟ ನಡೆಸುವ ಮೈಟೋಕಾಂಡ್ರಿಯಕ್ಕೆ ತನ್ನದೇ ಒಂದು ಪುಟ್ಟ ಡಿಎನ್‌ಎ ಇದೆ. ಅದರಿಂದ ತಯಾರಾಗುವ ಮುಖ್ಯ ಪ್ರೋಟೀನುಗಳು ಎಂಟೇ ಎಂಟು. ಅವುಗಳಲ್ಲಿ ಏಳು ಒಳಪೊರೆಯಲ್ಲೇ ಕೂರಬೇಕಾದವು. ಜಿಡ್ಡಿನ ಸ್ವಭಾವದವು ಅವು. ತಯಾರಾಗುತ್ತ ಆಗುತ್ತಲೇ ಪೊರೆಗೆ ಸೇರಿಸದಿದ್ದರೆ ಮುದ್ದೆಗಟ್ಟಿ ಕೆಟ್ಟುಹೋಗುತ್ತವೆ. ಹುಟ್ಟುತ್ತಿರುವಾಗಲೇ ಹಿಡಿದು ಪೊರೆಗೆ ದಾಟಿಸಲು ಒಂದು ಸಹಾಯಕ ಪ್ರೋಟೀನಿದೆ. ಅದಕ್ಕೊಂದು ನಾಲಿಗೆ ಹೊರಳದ ಹೆಸರಿದೆ, ನಾನು ಸೂಲಗಿತ್ತಿ ಎನ್ನುತ್ತೇನೆ. ಸೂಲಗಿತ್ತಿಯ ಜೀನನ್ನು ಕಿತ್ತುಹಾಕಿದ ಈಸ್ಟ್ ತಳಿಯನ್ನು ಮಾಡಿದವಳು ನಾನೇ. ಮಾಮೂಲಿ ಈಸ್ಟಿನ ಪ್ರೋಟೀನುಗಳು ಎಕ್ಸ್-ರೇ ಫಿಲ್ಮಿನ ಮೇಲೆ ಎಂಟು ಕಪ್ಪು ಗೆರೆಯಾಗಿ ಕಾಣುತ್ತವೆ, ನನ್ನ ತಳಿಯ ಸಾಲು ಪೂರಾ ಖಾಲಿ. ಸೂಲಗಿತ್ತಿ ಇಲ್ಲದಿದ್ದರೆ ಹೆರಿಗೆಯೇ ಇಲ್ಲ. ನನ್ನ ಲೇಖನ ಇಷ್ಟೇ.

ಮಹಾಶಯರ ಪ್ರಶ್ನೆ: ಕಿತ್ತ ಜೀನನ್ನು ವಾಪಸ್ ಕೊಟ್ಟರೆ ಗೆರೆಗಳೂ ವಾಪಸ್ ಬರುತ್ತವೆಯೇ? ಬರದೆ ಇನ್ನೇನು! ಲೇಖನ ಒಪ್ಪಿಗೆಯಾಗದೆ ಪಿಎಚ್.ಡಿ. ಪ್ರಬಂಧ ಒಪ್ಪಿಸುವಂತಿಲ್ಲ ಎಂಬುದು ನನ್ನ ಮಾರ್ಗದರ್ಶಕರಾದ ನಮ್ಮ ಮೇಷ್ಟ್ರ ಕಾಯಿದೆ. ಪ್ರಬಂಧ ಮುಗಿಯದೆ, ಜುಲೈಯಲ್ಲಿ ನನಗಾಗಿ ಕಾದಿರುವ ಹೊಸ ಪ್ರಯೋಗಾಲಯದ ಕೆಲಸಕ್ಕೆ ಹೋಗುವಂತಿಲ್ಲ. ಎಲ್ಲವೂ ಈ ಒಂದು ಪ್ರಯೋಗದ ಬಾಲಕ್ಕೆ ಕಟ್ಟಿಕೊಂಡಿದೆ.

ಮೇಷ್ಟ್ರು ಮಾತ್ರ "ಫಸ್ಟ್ ಕ್ಲಾಸ್! ಮೂರು ವಾರದ ಕೆಲಸ ಕಣಮ್ಮ" ಎಂದರು. ಅವರಿಗೆ ಎಲ್ಲವೂ ಫಸ್ಟ್ ಕ್ಲಾಸೇ.

ಮಾರ್ಚ್ 7, ಗುರುವಾರ

ತಟ್ಟೆ ತರಲು ಮೀಡಿಯಾ ಕೋಣೆಗೆ ಹೋಗಿದ್ದೆ. ಈಸ್ಟು ಬೆಳೆಸುವ ಪ್ಲಾಸ್ಟಿಕ್ ತಟ್ಟೆಗಳಿಗೆ ಅಗರ್ ಎಂಬ ಅಂಟು ಕುದಿಸಿ ಹೊಯ್ಯುವ ಹೆಂಗಸು ಅಲ್ಲಿ ಹತ್ತೊಂಬತ್ತು ವರ್ಷದಿಂದ ಠಿಕಾಣಿ ಹೂಡಿದ್ದಾಳೆ. ಎಲ್ಲರ ಬಾಯಲ್ಲೂ ತಟ್ಟೆಯಕ್ಕ. ನಾವು ಬಳಸಿ ಬಿಸಾಡಿದ ತಟ್ಟೆಗಳನ್ನು ಹಬೆಯಲ್ಲಿ ಬೇಯಿಸಿ ವಿಲೇವಾರಿ ಮಾಡುವುದೂ ಅವಳೇ. ಹಾಗಾಗಿ ಯಾರ ತಟ್ಟೆಯಲ್ಲಿ ಏನು ಬೆಳೆಯಿತು, ಯಾರದಕ್ಕೆ ಬೂಷ್ಟು ಬಂತು, ಎಲ್ಲ ಅವಳಿಗೆ ಬೇಕು.

ಇವತ್ತು ನನ್ನ ಸರದಿ. "ನಿಮ್ಮ ತಟ್ಟೇಲಿ ಮೊದಲೆಲ್ಲ ತೆಳು ಗುಲಾಬಿ ಬಣ್ಣ ಬರ್ತಿತ್ತಲ್ವಾ? ಹೋದ ವರ್ಷ ಅಲ್ಲೊಂದು ಇಲ್ಲೊಂದು ಬೆಳ್ಳಗೆ ಕಾಣ್ತು. ಆಮೇಲೆ ಅರ್ಧಕ್ಕರ್ಧ. ಈಗ ನೋಡಿದ್ರೆ ಎಲ್ಲಾ ಬೆಳ್ಳಗೇ ಇದೆ. ಯಾಕಂತೆ?"

ಅಡೆನೀನ್ ಎಂಬ ಪುಡಿ ಕಡಿಮೆ ಬಿದ್ದರೆ ನಮ್ಮ ಈಸ್ಟು ಗುಲಾಬಿಯಾಗುತ್ತದೆ, ಧಾರಾಳವಾಗಿ ಬಿದ್ದರೆ ಬಿಳಿ. ಅದನ್ನು ತೂಗಿ ಹಾಕುವವಳು ಇವಳೇ. ಅಡೆನೀನನ್ನು ಕೈಗೆ ಬಂದ ಹಾಗೆ ಸುರಿದು ನನ್ನನ್ನು ಕೇಳುತ್ತಿದ್ದಾಳೆ! ಬಾಯಿಬಡುಕಿ. "ಅದೆಲ್ಲ ನಿಮಗ್ಯಾಕೆ, ತಟ್ಟೆ ಕೊಡಿ" ಎಂದೆ.

ಒಂದು ಗೀಟು ಎಳೆದದ್ದು ಸಕ್ಕರೆಯ ತಟ್ಟೆ, ಎರಡು ಗೀಟಿನದು ಗ್ಲಿಸರಾಲ್ ತಟ್ಟೆ. ನಾನು ಒಂದು ಗೀಟಿನದನ್ನೇ ಎತ್ತಿಕೊಂಡೆ. ಅದಕ್ಕೂ ಅವಳದೊಂದು ಮಾತು: "ಎರಡು ಗೀಟಿಂದು ನೀವು ಒಯ್ಯೋದೇ ಬಿಟ್ಬಿಟ್ರಿ." ಗ್ಲಿಸರಾಲಿನಲ್ಲಿ ನನ್ನ ತಳಿ ಬೆಳೆಯಲು ಆರು ದಿನ ಬೇಕಿತ್ತು, ಸಕ್ಕರೆಯಲ್ಲಿ ಎರಡೇ ದಿನ. ತಳಿಯನ್ನು ಸುಮ್ಮನೆ ಜೀವಂತ ಇಟ್ಟುಕೊಳ್ಳಲು ಅಷ್ಟೆಲ್ಲ ಕಾಯಲು ನನಗೇನು ಬೇರೆ ಕಸುಬಿಲ್ಲವೇ?

ಮಾರ್ಚ್ 19, ಮಂಗಳವಾರ

ಮೊದಲ ಫಿಲ್ಮು. ಮಾಮೂಲಿ ಈಸ್ಟು: ಎಂಟು ಗೆರೆ, ಕಣ್ಣು ಕುಕ್ಕುವಷ್ಟು ಕಪ್ಪು. ನನ್ನ ತಳಿ: ಖಾಲಿ. ಜೀನು ವಾಪಸ್ ಕೊಟ್ಟ ನನ್ನ ತಳಿ: ಖಾಲಿ.

ಖಾಲಿ!

ಮನೆಗೆ ಬಂದರೆ ಅಪ್ಪ ಅಡುಗೆಮನೆಯ ಕಿಟಕಿಯನ್ನು ಕಿತ್ತು ನೆಲದ ಮೇಲೆ ಮಲಗಿಸಿದ್ದಾರೆ. ಅದು ಮೊದಲಿನಿಂದಲೂ ಮುಚ್ಚುತ್ತಿರಲಿಲ್ಲ, ನಿಜ. ಆದರೆ ಬಡಗಿ ಕೆಲಸ ಬಿಟ್ಟು ಮೂರು ವರ್ಷವಾದ ಮನುಷ್ಯ, ಬೆನ್ನು ನೋವು ಎಂದು ನನ್ನ ಜೊತೆ ಇರಲು ಬಂದವರು, ಸುಮ್ಮನೆ ಕೂರಬಾರದೇ? ಮನೆಯೆಲ್ಲ ಮರದ ಹೊಟ್ಟು.

"ಗೋಡೆ ಎದ್ದ ಮೇಲೆ ಚೌಕಟ್ಟು ತುರುಕಿದಾರೆ, ಅದಕ್ಕೇ ಹೀಗೆ. ಗೋಡೆ ಏಳ್ತಾ ಏಳ್ತಾನೇ ಚೌಕಟ್ಟು ನಿಲ್ಲಿಸ್ಬೇಕು ಕಣಮ್ಮ."

ನನ್ನ ಕೆಲಸವೂ ಅದೇ ಅಂದೆ. ತಪ್ಪು ಮಾಡಿದೆ. ಅಪ್ಪನಿಗೆ ಉತ್ಸಾಹ ಬಂದುಬಿಟ್ಟಿತು. "ಹೌದಾ? ಹಾಗಾದ್ರೆ ನಿಲ್ಲಿಸೋರು ಇಲ್ದೇ ಹೋದ್ರೆ ಏನಾಗುತ್ತೆ ನಿಮ್ಮಲ್ಲಿ?"

"ಗೋಡೇನೇ ಏಳಲ್ಲ. ಅದೇ ನನ್ನ ಲೇಖನ."

"ಛೆ, ಹಾಗೆಲ್ಲ ಆಗಲ್ಲ. ಗೋಡೆ ಏಳುತ್ತೆ. ಸೊಟ್ಟಗೆ ಏಳುತ್ತೆ."

ಆರು ವರ್ಷ ಓದಿದವಳಿಗೆ ಕೀಸುಳಿ ಹಿಡಿದುಕೊಂಡು ಪಾಠ! "ಅಪ್ಪಾ, ನಿಮಗೆ ಗೊತ್ತಿಲ್ಲದ್ದಕ್ಕೆ ಬಾಯಿ ಹಾಕಬೇಡಿ" ಎಂದೆ. ಅವರು ಹೊಟ್ಟು ಗುಡಿಸತೊಡಗಿದರು. ನಾನು ಕೋಣೆಗೆ ಬಂದು ಇದನ್ನು ಬರೆಯುತ್ತಿದ್ದೇನೆ. ತಲೆ ಸಿಡಿಯುತ್ತಿದೆ.

ಮಾರ್ಚ್ 28, ಗುರುವಾರ

ಎರಡನೆಯ ಫಿಲ್ಮು. ಖಾಲಿ. ಥೂ.

ಏಪ್ರಿಲ್ 5, ಶುಕ್ರವಾರ

ಮೂರನೆಯದೂ ಖಾಲಿ. ಇಷ್ಟರಲ್ಲಿ ನೀರು ಬದಲಿಸಿದ್ದೆ, ಫಿಲ್ಮು ಬದಲಿಸಿದ್ದೆ, ಸೆಂಟ್ರಿಫ್ಯೂಜ್ ಯಂತ್ರದ ಮುಂದೆ ನಿಂತು ಬೈದಿದ್ದೂ ಆಗಿದೆ. ಪಕ್ಕದ ಮೇಜಿನವರು ನನ್ನನ್ನು ಕಂಡರೆ ದಾರಿ ಬಿಟ್ಟು ಸರಿಯುತ್ತಿದ್ದಾರೆ.

ಇವತ್ತು ಕೂತು ಯೋಚಿಸಿದೆ. ವಾಪಸ್ ಕೊಟ್ಟ ಜೀನು ಈಸ್ಟಿನೊಳಗೆ ಉಳಿಯಬೇಕಾದರೆ ತಟ್ಟೆಯಲ್ಲಿ ಯುರಾಸಿಲ್ ಎಂಬ ಒಂದು ಪದಾರ್ಥ ಇರಲೇಬಾರದು. ಇದ್ದರೆ ಈಸ್ಟಿಗೆ ಆ ಜೀನು ಸುಮ್ಮನೆ ಹೊರೆ, ಬಿಸಾಕಿಬಿಡುತ್ತದೆ. ಅಂದರೆ? ಅಂದರೆ ತಟ್ಟೆ ಮಾಡುವವಳು ಡಬ್ಬಿ ಅದಲುಬದಲು ಮಾಡಿದ್ದಾಳೆ. ಬಿಳಿ ಬಣ್ಣವೇ ಸಾಕ್ಷಿ: ಅಡೆನೀನ್ ಸುರಿದ ಕೈ ಯುರಾಸಿಲ್ಲನ್ನು ಬಿಟ್ಟೀತೇ? ಒಂದು ತಿಂಗಳು ನೀರಲ್ಲಿ ಹೋಮವಾಯಿತು. ಇವಳೊಬ್ಬಳಿಂದ!

ಸೀದಾ ಹೋಗಿ ಕೇಳಿದೆ. ತಟ್ಟೆಯಕ್ಕ ಎದ್ದು ತಕ್ಕಡಿಯ ಪಕ್ಕದ ಪುಸ್ತಕ ತೆಗೆದು ತೋರಿಸಿದಳು. ಎಲ್ಲ ತೂಕವೂ ಅದರಲ್ಲಿದೆಯಂತೆ. "ಬರೆಯೋದು ಒಂದು, ಹಾಕೋದು ಇನ್ನೊಂದು" ಎಂದೆ. ಸ್ವಲ್ಪ ಜೋರಾಗಿಯೇ ಅಂದೆ ಅನ್ನಿಸುತ್ತದೆ, ಓಣಿಯಲ್ಲಿ ಇಬ್ಬರು ನಿಂತು ನೋಡಿದರು.

"ನನ್ನ ಕೈ ಮೇಲೆ ಅನುಮಾನ ಬೇಡಮ್ಮ. ನಿಮ್ಮ ಈಸ್ಟನ್ನೇ ಒಂದ್ಸಲ ನೋಡ್ಕೊಳ್ಳಿ" ಎಂದಳು. ಎಷ್ಟು ಧೈರ್ಯ! ಸಂಜೆಯೊಳಗೆ ವಿಭಾಗದ ಮುಖ್ಯಸ್ಥೆಗೆ ದೂರು ಬರೆದು ಕೊಟ್ಟೆ. ಮೇಷ್ಟ್ರು ಓದಿ, "ಫಸ್ಟ್ ಕ್ಲಾಸ್, ಎಲ್ಲಾ ದಾಖಲೆಗೆ ಬರ್ಲಿ" ಎಂದು ಕೆಳಗೆ ರುಜು ಹಾಕಿದರು.

ಏಪ್ರಿಲ್ 8, ಸೋಮವಾರ

ವಿಚಾರಣೆ ಆಗುವವರೆಗೆ ಅವಳನ್ನು ಹಿಂದಿನ ಕಟ್ಟಡದ ಗಾಜು ತೊಳೆಯುವ ಕೋಣೆಗೆ ಹಾಕಿದ್ದಾರೆ. ವರ್ಷವರ್ಷವೂ ಮೇ ಒಂದಕ್ಕೆ ಅವಳ ಕೆಲಸ ಮುಂದುವರಿಸಬೇಕಂತೆ. ಈ ಸಲ ವಿಚಾರಣೆಯ ಮೇಲೆ ನಿಂತಿದೆ ಎಂದು ಗುಮಾಸ್ತರು ಹೇಳಿದರು. ನಾನೇನು ಕೆಲಸ ಕಿತ್ತುಕೊಳ್ಳಿ ಎಂದು ಬರೆದಿರಲಿಲ್ಲ. ತಟ್ಟೆ ಸರಿ ಇರಲಿ ಎಂದಿದ್ದೆ ಅಷ್ಟೇ.

ಹೊಸಬರು ಬರುವವರೆಗೆ ಅವರವರ ತಟ್ಟೆ ಅವರವರೇ ಮಾಡಿಕೊಳ್ಳಬೇಕಂತೆ. ಊಟದ ಹೊತ್ತಿನಲ್ಲಿ ನಾನು ಕೂತ ಮೇಜಿಗೆ ಯಾರೂ ಬರಲಿಲ್ಲ.

ಏಪ್ರಿಲ್ 17, ಬುಧವಾರ

ತಟ್ಟೆ ಮಾಡಿದೆ. ದೇವರೇ! ಅಗರ್ ಉಕ್ಕಿ ಒಲೆಯ ಮೇಲೆಲ್ಲ ಚೆಲ್ಲಿತು. ಎಡಗೈ ಹೆಬ್ಬೆರಳು ಸುಟ್ಟಿತು. ಬಿಸಿ ಇದ್ದಾಗ ಹೊಯ್ದರೆ ಮುಚ್ಚಳದ ತುಂಬ ನೀರು, ಆರಿದ ಮೇಲೆ ಹೊಯ್ದರೆ ಗಂಟುಗಂಟು. ಒಂದೊಂದು ಪುಡಿಯನ್ನೂ ಮಿಲಿಗ್ರಾಂ ಲೆಕ್ಕದಲ್ಲಿ, ಉಸಿರು ಬಿಗಿಹಿಡಿದು ತೂಗಿದೆ. ಬೆಳಗಿನಿಂದ ಸಂಜೆಯ ತನಕ ಒದ್ದಾಡಿದರೂ ಸರಿಯಾದ ತಟ್ಟೆ ಎದ್ದದ್ದು ಹದಿನಾಲ್ಕು. ಆಯಮ್ಮ ದಿನಕ್ಕೆ ಮುನ್ನೂರು ಮಾಡುತ್ತಿದ್ದರು. ಒಂದರಲ್ಲೂ ಗುಳ್ಳೆ ಇರುತ್ತಿರಲಿಲ್ಲ.

ಗೋಡೆಯ ಮೇಲೆ ಅವರ ಕೈಬರಹದ ಚೀಟಿ ಇದೆ: ‘ಕೆನ್ನೆಗೆ ಬಾಟಲಿ ತಾಗಿಸಿ. ತಡೆಯುವಷ್ಟು ಬಿಸಿಯಿದ್ದರೆ ಹೊಯ್ಯಿರಿ.’ ಮೊದಲೇ ಓದಿದ್ದರೆ ಹೆಬ್ಬೆರಳು ಉಳಿಯುತ್ತಿತ್ತು.

ಮಾಮೂಲಿ ಈಸ್ಟನ್ನು ನಾನು ಯಾವತ್ತೂ ತಟ್ಟೆಗೆ ಹಾಕಿದವಳಲ್ಲ, ಪಕ್ಕದ ಮೇಜಿನವರ ಬಾಟಲಿಯಿಂದ ಎರವಲು ತರುತ್ತಿದ್ದೆ. ಈಗ ಎರವಲು ಕೇಳುವ ಮುಖ ಉಳಿದಿಲ್ಲ, ತಟ್ಟೆಗಳೂ ಕಡಿಮೆ. ಹಾಗಾಗಿ ಒಂದೇ ತಟ್ಟೆಗೆ ನಡುವೆ ಗೆರೆ ಎಳೆದು ಅರ್ಧಕ್ಕೆ ಶೈತ್ಯಪೆಟ್ಟಿಗೆಯಲ್ಲಿ ಉಳಿದಿದ್ದ ಮಾಮೂಲಿಯನ್ನು, ಇನ್ನರ್ಧಕ್ಕೆ ನನ್ನ ತಳಿಯನ್ನು ಗೀಚಿದೆ.

ಏಪ್ರಿಲ್ 20, ಶನಿವಾರ

ಅರ್ಧ ತಟ್ಟೆ ಗುಲಾಬಿ. ಅರ್ಧ ತಟ್ಟೆ ಬಿಳಿ.

ಒಂದೇ ತಟ್ಟೆ, ನನ್ನ ಕೈಯಿಂದಲೇ ತೂಗಿ ಮಾಡಿದ್ದು. ಅಡೆನೀನ್ ಎರಡು ಕಡೆಗೂ ಒಂದೇ. ಹಾಗಿದ್ದಮೇಲೆ ಬಿಳಿ ಬಣ್ಣ ತಟ್ಟೆಯದಲ್ಲ.

ಗುಲಾಬಿ ಬರಬೇಕಾದರೆ ಈಸ್ಟು ಉಸಿರಾಡಬೇಕು. ಮೈಟೋಕಾಂಡ್ರಿಯದ ಆ ಪುಟ್ಟ ಡಿಎನ್‌ಎಯನ್ನೇ ಕಳೆದುಕೊಂಡ ಈಸ್ಟು ಉಸಿರಾಡುವುದಿಲ್ಲ, ಬೆಳ್ಳಗೇ ಉಳಿಯುತ್ತದೆ. ಇದು ಮೊದಲ ವರ್ಷದ ಪಾಠ. ಹೊಸಬರಿಗೆ ಇದನ್ನು ನಾನೇ ಬೋರ್ಡಿನ ಮೇಲೆ ಬರೆದು ಹೇಳಿಕೊಟ್ಟಿದ್ದೇನೆ.

ಡಿಎನ್‌ಎಗೆ ಅಂಟುವ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದೆ. ಮಾಮೂಲಿ ಈಸ್ಟಿನಲ್ಲಿ ನಡುವೆ ಒಂದು ದೊಡ್ಡ ನೀಲಿ ಬೊಟ್ಟು, ಸುತ್ತ ಚುಕ್ಕಿ ಚುಕ್ಕಿ. ಆ ಚುಕ್ಕಿಗಳೇ ಪುಟ್ಟ ಡಿಎನ್‌ಎ. ನನ್ನದರಲ್ಲಿ ದೊಡ್ಡ ಬೊಟ್ಟು ಮಾತ್ರ. ಸುತ್ತ ಏನೂ ಇಲ್ಲ. ಇನ್ನೊಂದು ಕೋಶ ನೋಡಿದೆ, ಮತ್ತೊಂದು, ಮತ್ತೊಂದು. ಇನ್ನೂರು ಎಣಿಸಿದೆ. ಒಂದರಲ್ಲಾದರೂ ಚುಕ್ಕಿ ಸಿಗಲಿ ಎಂದು ಬೇಡಿಕೊಂಡೆ. ಸಿಗಲಿಲ್ಲ.

ಅಯ್ಯೋ, ಪ್ರೋಟೀನಿನ ಬರಹವೇ ಇಲ್ಲದ ಮೇಲೆ ಪ್ರೋಟೀನು ಎಲ್ಲಿಂದ ಬರಬೇಕು! ಸೂಲಗಿತ್ತಿಯನ್ನು ವಾಪಸ್ ಕರೆಸಿ ಏನು ಉಪಯೋಗ, ಮನೆಯಲ್ಲಿ ಬಸುರಿಯೇ ಇಲ್ಲ.

ಸೂಲಗಿತ್ತಿ ಇಲ್ಲದ ಈಸ್ಟಿನಲ್ಲಿ ಪುಟ್ಟ ಡಿಎನ್‌ಎ ಬೇಗ ಕಳೆದುಹೋಗುತ್ತದೆ. ಉಸಿರಾಡುವ ಈಸ್ಟಿಗೆ ಮಾತ್ರ ದಕ್ಕುವ ಗ್ಲಿಸರಾಲಿನ ತಟ್ಟೆಯಲ್ಲಿಟ್ಟಿದ್ದರೆ ಕಳೆದುಕೊಂಡವು ಅಲ್ಲೇ ಸಾಯುತ್ತಿದ್ದವು, ಉಳಿಸಿಕೊಂಡವು ಮಾತ್ರ ಬದುಕುತ್ತಿದ್ದವು. ಸಕ್ಕರೆಯ ಮೇಲೆ ಉಸಿರಾಡದವೂ ಸುಖವಾಗಿ ಬೆಳೆಯುತ್ತವೆ, ಬೇಗಬೇಗ ಬೆಳೆದು ಮಿಕ್ಕವನ್ನು ಮೂಲೆಗುಂಪು ಮಾಡುತ್ತವೆ. ಆರು ದಿನ ಕಾಯಲಾರದೆ ಎರಡು ದಿನದ ತಟ್ಟೆ ಒಯ್ದವಳು ನಾನು. ತಳಿ ಮಾಡಿದ ಹೊಸದರಲ್ಲಿ ಒಮ್ಮೆ ಈ ಪರೀಕ್ಷೆ ಮಾಡಿ ‘ಡಿಎನ್‌ಎ ಇದೆ’ ಎಂದು ಬರೆದಿಟ್ಟಿದ್ದೆ. ಆಮೇಲೆ ಎಂದೂ ನೋಡಲಿಲ್ಲ. ಆಗ ಫಿಲ್ಮಿನಲ್ಲಿ ಮಸುಕು ಗೆರೆಗಳು ಬರುತ್ತಿದ್ದವು. ಹೋದ ವರ್ಷ ಪೂರ್ತಿ ಖಾಲಿಯಾದಾಗ ನಾನೂ ಮೇಷ್ಟ್ರೂ ಎಷ್ಟು ಕುಣಿದಿದ್ದೆವು! ಮೊದಲಿನದು ಕಲಬೆರಕೆಯಾಗಿತ್ತು, ಈಗ ಶುದ್ಧ ಫಲಿತಾಂಶ ಬಂತು ಎಂದುಕೊಂಡಿದ್ದೆವು.

ಲೇಖನ ತಪ್ಪು. ಪೂರಾ ತಪ್ಪು.

ಏಪ್ರಿಲ್ 21, ಭಾನುವಾರ

ಬಿಳಿ ಬಣ್ಣ ಯಾವಾಗಿನಿಂದ ಶುರುವಾಯಿತೆಂದು ಪ್ರಯೋಗದ ಪುಸ್ತಕಗಳನ್ನೆಲ್ಲ ಮನೆಗೆ ತಂದು ಹುಡುಕಿದೆ. ಎರಡು ವರ್ಷದ ಬರಹದಲ್ಲಿ ಬಣ್ಣದ ಮಾತೇ ಇಲ್ಲ. ನಾನು ನೋಡಿಯೇ ಇಲ್ಲ. ಕಡೆಗೆ ಈ ದಿನಚರಿಯನ್ನು ತಿರುವಿದೆ. ಮಾರ್ಚ್ ಏಳು. ಎಲ್ಲವೂ ಅಲ್ಲಿದೆ. ಹೋದ ವರ್ಷ ಅಲ್ಲೊಂದು ಇಲ್ಲೊಂದು, ಆಮೇಲೆ ಅರ್ಧ, ಈಗ ಎಲ್ಲ. ಗ್ಲಿಸರಾಲ್ ತಟ್ಟೆ ಒಯ್ಯುವುದು ಬಿಟ್ಟದ್ದೂ ಇದೆ. ಏನಾಗುತ್ತಿದೆ, ಯಾಕಾಗುತ್ತಿದೆ, ಎರಡನ್ನೂ ತಟ್ಟೆಯಕ್ಕ ಹೇಳಿದ್ದರು. ಅದರ ಕೆಳಗೇ ನಾನು ಬರೆದಿರುವುದನ್ನು ಓದಿ ಕಿವಿ ಬಿಸಿಯಾಯಿತು.

ಕಿಟಕಿ ಕೂರಿಸಲು ಅಪ್ಪ ಕರೆದರು. ಹೋಗಿ ಚೌಕಟ್ಟು ಹಿಡಿದು ನಿಂತೆ. ಸುಮಾರು ಹೊತ್ತು ಹಿಡಿದಿರಬೇಕಾಯಿತು, ತೋಳು ಸೋತಿತು. "ಇವತ್ತೇನು, ಬೈಯ್ಯೋದೇ ಇಲ್ಲ?" ಎಂದರು. ಚೌಕಟ್ಟನ್ನು ಇನ್ನಷ್ಟು ಬಿಗಿಯಾಗಿ ಹಿಡಿದೆ.

ಏಪ್ರಿಲ್ 22, ಸೋಮವಾರ

ಮೇಷ್ಟ್ರಿಗೆ ಹೇಳಿದೆ. ಇದೇ ಮೊದಲ ಸಲ ಅವರು ಫಸ್ಟ್ ಕ್ಲಾಸ್ ಎನ್ನಲಿಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಮೂಗು ಒತ್ತಿಕೊಂಡು ಕೂತರು. ಆಮೇಲೆ ನಿಧಾನವಾಗಿ, "ಲೇಖನ ವಾಪಸ್ ತಗೋಬೇಕು. ಬೇರೆ ದಾರಿ ಇಲ್ಲ" ಎಂದರು. ನಾನು ತಲೆಯಾಡಿಸಿದೆ.

"ಆದ್ರೆ ಕಾರಣ ಏನು ಬರೀತೀವಿ ಅನ್ನೋದು ಮುಖ್ಯ. ಮೀಡಿಯಾ ಕೋಣೇಲಿ ಲೋಪ ಆಗಿ ತಳಿ ಕೆಟ್ಟಿತು ಅಂತ ಬರೆಯೋಣ. ದೂರು ಹೇಗೂ ದಾಖಲೇಲಿದೆ. ನಿನ್ನ ಹೆಸರಿಗೂ ಮಸಿ ಹತ್ತಲ್ಲ, ನನ್ನ ಹೆಸರಿಗೂ ಹತ್ತಲ್ಲ. ಆ ಹೊಸ ಲ್ಯಾಬಿನವರೂ ಆರು ತಿಂಗಳು ಕಾಯ್ತಾರೆ, ನಾನು ಮಾತಾಡ್ತೀನಿ."

"ಅಕ್ಕನ ಕೆಲಸ?"

"ಅದು ಮುಖ್ಯಸ್ಥೆಗೆ ಬಿಟ್ಟಿದ್ದು. ನೀನ್ಯಾಕೆ ತಲೆ ಕೆಡಿಸ್ಕೊಳ್ತೀಯ?"

ನನಗೆ ಸಮಾಧಾನವಾಯಿತು. ಇಲ್ಲಿ ಸುಳ್ಳು ಬರೆದು ಏನಾಗಬೇಕು, ಹೌದು, ಸಮಾಧಾನವಾಯಿತು. ಆ ಪುಸ್ತಕದ ತೂಕಗಳಲ್ಲಿ ಎಲ್ಲೋ ಒಂದು ಕಡೆ ನಿಜವಾಗಿಯೂ ಏರುಪೇರು ಆಗಿದ್ದರೂ ಆಗಿರಬಹುದು ಎಂದುಕೊಳ್ಳುತ್ತಲೇ ಕೋಣೆಯಿಂದ ಹೊರಗೆ ಬಂದೆ.

ಮೊದಲ ವರ್ಷ ನಾನೇ ಶೈತ್ಯಪೆಟ್ಟಿಗೆಯ ತಳದಲ್ಲಿಟ್ಟ ಕೊಳವೆಯೊಂದು ಸಿಕ್ಕಿತು. ಸೂಲಗಿತ್ತಿಯ ಜೀನು ಕಿತ್ತ ಹೊಸದರಲ್ಲೇ ಎತ್ತಿಟ್ಟ ಮೂಲ ತಳಿ, ಹೆಪ್ಪುಗಟ್ಟಿದೆ. ಚೂರು ಕೆರೆದು ಗ್ಲಿಸರಾಲ್ ತಟ್ಟೆಗೆ ಹಾಕಿದೆ. ಆರು ದಿನ ಕಾಯುತ್ತೇನೆ.

ಏಪ್ರಿಲ್ 23, ಮಂಗಳವಾರ

ಮೇಷ್ಟ್ರು ಹೇಳಿದ ಹಾಗೆ ಪತ್ರ ಬರೆಯಲು ಕೂತೆ. ‘ಮೀಡಿಯಾ ಕೋಣೆಯಲ್ಲಿ ಆದ ಲೋಪದಿಂದ’ ಎಂದು ಬರೆದೆ. ಆಮೇಲೆ ‘ಆಗಿರಬಹುದಾದ’ ಎಂದು ತಿದ್ದಿದೆ. ಆಮೇಲೆ ಎದ್ದು ಕೈ ತೊಳೆದುಕೊಂಡು ಬಂದೆ. ಹೆಬ್ಬೆರಳಿನ ಸುಟ್ಟ ಗುಳ್ಳೆ ಒಡೆದಿತ್ತು.

ವಿಚಾರಣೆಯಲ್ಲಿ ತಟ್ಟೆಯಕ್ಕ ಹೇಳಲು ಹೋಗುವುದು ಇದನ್ನೇ: ನಾನು ಮೊದಲೇ ಹೇಳಿದ್ದೆ, ತಟ್ಟೆ ಬೆಳ್ಳಗೆ ಬರುತ್ತಿದೆ ಎಂದು. ಯಾವಾಗ ಹೇಳಿದ್ದಿರಿ, ಯಾರ ಮುಂದೆ ಎಂದು ಕೇಳುತ್ತಾರೆ. ಯಾರೂ ಇರಲಿಲ್ಲ. ಕೇಳಿಸಿಕೊಂಡವಳು ನಾನೊಬ್ಬಳೇ. ನಾನು ಬಾಯಿ ಮುಚ್ಚಿಕೊಂಡರೆ ಆ ಮಾತು ಆಡಿದ್ದೇ ಸುಳ್ಳಾಗುತ್ತದೆ.

ಹಾಳಾದ್ದು, ಈ ದಿನಚರಿಯನ್ನು ನಾನು ಯಾಕಾದರೂ ಬರೆದೆನೋ!

ಏಪ್ರಿಲ್ 24, ಬುಧವಾರ

ಕೊಟ್ಟುಬಿಟ್ಟೆ. ಲೇಖನ ವಾಪಸ್ ಪಡೆಯುವ ಪತ್ರದಲ್ಲಿ ನನ್ನ ತಪ್ಪನ್ನು ತಪ್ಪು ಎಂದೇ ಬರೆದೆ. ಮುಖ್ಯಸ್ಥೆಗೆ ಬೇರೊಂದು ಪತ್ರ: ದೂರು ಸುಳ್ಳು, ಆಯಮ್ಮ ನನಗೆ ಮೊದಲೇ ಎಚ್ಚರಿಕೆ ಹೇಳಿದ್ದರು, ಆಧಾರ ಇಲ್ಲಿದೆ. ಜೊತೆಗೆ ಮಾರ್ಚ್ ಏಳರ ಪುಟದ ನಕಲು. ಬೈಗುಳದ ಸಾಲನ್ನು ಬಿಳಿ ಕಾಗದ ಹಚ್ಚಿ ಮುಚ್ಚಿ ನಕಲು ತೆಗೆಯಲು ಹೊರಟಿದ್ದೆ. ಯಂತ್ರದ ಮುಂದೆ ನಿಂತಾಗ, ಅರ್ಧ ಮುಚ್ಚಿದ ಪುಟವನ್ನು ಯಾರು ನಂಬುತ್ತಾರೆ ಅನ್ನಿಸಿತು. ಕಾಗದ ಕಿತ್ತು, ಇದ್ದ ಹಾಗೇ ತೆಗೆದೆ.

ಮುಖ್ಯಸ್ಥೆ ಓದಿ ನನ್ನನ್ನು ನೋಡಿದರು, ಮತ್ತೆ ಪುಟ ನೋಡಿದರು. "ಇದರ ಪ್ರತಿ ಅವರಿಗೂ ಹೋಗುತ್ತೆ, ಗೊತ್ತಲ್ವಾ? ನಿಯಮ ಅದು."

ಗೊತ್ತಿರಲಿಲ್ಲ. "ಗೊತ್ತು" ಎಂದೆ.

ಏಪ್ರಿಲ್ 26, ಶುಕ್ರವಾರ

ಮೇಷ್ಟ್ರು ಕೂಗಾಡಿದ್ದರೆ ಎಷ್ಟೋ ವಾಸಿಯಿತ್ತು. ಮಾತೇ ಆಡುತ್ತಿಲ್ಲ. ಹೊಸ ಪ್ರಯೋಗಾಲಯದವರು ಎರಡು ಸಾಲಿನಲ್ಲಿ ಬರೆದಿದ್ದಾರೆ, ಬೇರೆಯವರನ್ನು ತೆಗೆದುಕೊಳ್ಳುತ್ತಾರಂತೆ. ಅಪ್ಪನಿಗೆ ಹೇಳಿದೆ. "ಹೋಗ್ಲಿ ಬಿಡು" ಎಂದರು. ಹೋಗಲಿ ಬಿಡು ಎಂದು ಬಿಡುವಂಥದ್ದಲ್ಲ ಅದು, ಅವರಿಗೂ ಗೊತ್ತು. ಸ್ನಾನದ ಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಏಪ್ರಿಲ್ 28, ಭಾನುವಾರ

ಆರನೆಯ ದಿನ. ಗ್ಲಿಸರಾಲ್ ತಟ್ಟೆಯ ಮೇಲೆ ಹನ್ನೊಂದು ಕಾಲೊನಿ ಎದ್ದಿದೆ, ಸಾಸಿವೆಯಷ್ಟು ಸಣ್ಣವು. ಬಗ್ಗಿ, ಬೆಳಕಿಗೆ ಓರೆ ಹಿಡಿದು ನೋಡಿದೆ. ಗುಲಾಬಿಯೇ ಅನ್ನಿಸುತ್ತದೆ. ನನ್ನ ಕಣ್ಣಿನ ಮೇಲೆ ನನಗೆ ನಂಬಿಕೆ ಹೊರಟುಹೋಗಿದೆ.

ಮೇ 3, ಶುಕ್ರವಾರ

ತಟ್ಟೆಯಕ್ಕನ ಕೆಲಸ ಮುಂದುವರಿದಿದೆ. ಸೋಮವಾರದಿಂದ ಅವರು ಮತ್ತೆ ಮೀಡಿಯಾ ಕೋಣೆಗೆ ಬರುತ್ತಾರೆ. ಇದನ್ನು ಗುಮಾಸ್ತರಿಂದ ಕೇಳಿ, ಅಲ್ಲಿಯವರೆಗೆ ಕಾಯುವುದು ಹೇಡಿತನ ಅನ್ನಿಸಿ, ಹಿಂದಿನ ಕಟ್ಟಡಕ್ಕೆ ಹೋದೆ.

ಹಬೆಯ ನಡುವೆ ಸ್ಟೂಲಿನ ಮೇಲೆ ಕೂತಿದ್ದರು. ಕೈಗವಸು ಮೊಣಕೈವರೆಗೆ, ಪಕ್ಕದಲ್ಲಿ ಬಾಟಲಿಗಳ ರಾಶಿ. ದಾರಿಯುದ್ದಕ್ಕೂ ಹೊಂದಿಸಿಕೊಂಡು ಹೋಗಿದ್ದ ಮಾತನ್ನು ಶುರುಮಾಡಿದೆ. ಕೈಯೆತ್ತಿ ನಿಲ್ಲಿಸಿದರು. ಗವಸು ಕಳಚಿ, ಏಪ್ರನ್ನಿನ ಜೇಬಿನಿಂದ ಮಡಿಸಿದ ಕಾಗದ ತೆಗೆದು, ಕನ್ನಡಕದ ಹಬೆ ಒರೆಸಿಕೊಂಡು, ಶಾಲೆಯಲ್ಲಿ ಪಾಠ ಓದಿದ ಹಾಗೆ ಗಟ್ಟಿಯಾಗಿ ಓದಿದರು.

"‘ಅಡೆನೀನನ್ನು ಕೈಗೆ ಬಂದ ಹಾಗೆ ಸುರಿದು ನನ್ನನ್ನು ಕೇಳುತ್ತಿದ್ದಾಳೆ. ಬಾಯಿಬಡುಕಿ.’"

ನೆಲ ಬಾಯಿಬಿಡಬಾರದೇ ಅನ್ನಿಸಿತು.

"ಅಕ್ಕಾ, ನಾನು ಆಗ…"

"ಬಾಯಿಬಡುಕೀನೇ ನಾನು. ನನ್ನ ಮಗಳೂ ಹಾಗೇ ಅಂತಾಳೆ. ಅದಕ್ಕೆ ಬೇಜಾರಿಲ್ಲ." ಕಾಗದ ಮಡಿಸಿದರು. "ಅವತ್ತು ಓಣಿಯಲ್ಲಿ ಎಲ್ಲರ ಮುಂದೆ ನನ್ನ ತಕ್ಕಡೀನ ಸುಳ್ಳು ಅಂದ್ರಲ್ಲ, ಅದಕ್ಕೆ ಬೇಜಾರು. ಮೂರು ದಿನ ಊಟ ಸೇರಲಿಲ್ಲ. ಅದು ಹೋಗೋಕೆ ಇನ್ನೂ ಟೈಮ್ ಬೇಕು. ಕಾಗದ ಕೊಟ್ಟ ತಕ್ಷಣ ಎಲ್ಲಾ ಸರಿಹೋಯ್ತು ಅಂತ ತಿಳ್ಕೋಬೇಡಿ."

"ಇಲ್ಲ. ತಪ್ಪಾಯ್ತು. ಎಲ್ಲರ ಮುಂದೇನೇ ಹೇಳ್ತೀನಿ."

"ಹೇಳಿ, ಹೇಳ್ಬೇಕು." ಕಾಗದದ ಮೇಲೆ ಬೆರಳಿಟ್ಟರು. "ಹತ್ತೊಂಬತ್ತು ವರ್ಷ ಇಲ್ಲಿ ಏನೇನೋ ಹೇಳಿದೀನಿ. ಇದು ಹುಳಿ ವಾಸನೆ, ಅದರ ಬಣ್ಣ ಸರಿ ಇಲ್ಲ ಅಂತ. ಎಲ್ಲರೂ ನಕ್ಕು ಹೋಗ್ತಾರೆ. ನಾನು ಹೇಳಿದ್ದನ್ನ ಬರೆದಿಟ್ಟೋರು ನೀವೊಬ್ಬರೇ. ಬೈಕೊಂಡಾದ್ರೂ ಬರೆದ್ರಿ. ತಾರೀಖೂ ಹಾಕಿದ್ರಿ."

ಇನ್ನೊಂದು ಜೊತೆ ಗವಸು ಗೋಡೆಗೆ ನೇತುಹಾಕಿತ್ತು. ಹಾಕಿಕೊಂಡು ಪಕ್ಕದಲ್ಲಿ ನಿಂತು ಬಾಟಲಿ ತೊಳೆದೆ. ಮೂರನೆಯ ಬಾಟಲಿಗೇ, "ಕತ್ತಿನ ಒಳಗೆ ಬ್ರಷ್ ಹೋಗ್ಲಿಲ್ಲ, ಮತ್ತೆ ತೊಳೀರಿ" ಎಂದರು. ಮತ್ತೆ ತೊಳೆದೆ.

ಮೇ 14, ಮಂಗಳವಾರ

ಹೊಸ ಫಿಲ್ಮು. ಮಾಮೂಲಿ ಈಸ್ಟು: ಎಂಟು ಗೆರೆ. ಮೂಲ ತಳಿ: ಖಾಲಿ ಅಲ್ಲ. ಎಂಟೂ ಇವೆ, ಆದರೆ ಪೊರೆಯಲ್ಲಿ ಕೂರಬೇಕಾದವು ಮಸುಕು, ಎರಡು ಚೂರುಚೂರಾಗಿ ಕೆಳಗೆ ಹರಡಿವೆ. ಜೀನು ವಾಪಸ್ ಕೊಟ್ಟಾಗ: ಎಂಟೂ ಕಪ್ಪಗೆ, ನೆಟ್ಟಗೆ. ಹೆರಿಗೆ ಆಗುತ್ತದೆ, ಮಗುವಿಗೆ ಪೆಟ್ಟಾಗುತ್ತದೆ. ಗೋಡೆ ಏಳುತ್ತದೆ, ಸೊಟ್ಟಗೆ ಏಳುತ್ತದೆ ಎಂದು ಅಪ್ಪ ಹೇಳಿದ್ದರು. ಈಗ ಹೇಳಿದರೆ ಒಂದು ವಾರ ತಲೆ ತಿನ್ನುತ್ತಾರೆ. ಹೇಳಲೇಬೇಕು.

ಮೇಷ್ಟ್ರು ಫಿಲ್ಮನ್ನು ಕಿಟಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ಇನ್ನೊಂದು ವರ್ಷ ಹಿಡಿಯುತ್ತೆ" ಎಂದರು. ಮೂರು ವಾರದಲ್ಲಿ ನನ್ನ ಜೊತೆ ಆಡಿದ ಮೊದಲ ಮಾತು ಅದು. ಒಂದು ವರ್ಷ! ಮೈಯೆಲ್ಲ ಉರಿಯಿತು. ಆದರೂ ಹೋಗಿ ಎರಡು ಗೀಟಿನ ತಟ್ಟೆಯ ಒಂದು ಕಟ್ಟು ಕೇಳಿದೆ. ಅಕ್ಕ ಎರಡು ಕಟ್ಟು ಕೊಟ್ಟರು.

ಪ್ರಯೋಗದ ಪುಸ್ತಕದಲ್ಲಿ ಹೊಸದಾಗಿ ಎರಡು ಅಂಕಣ ಎಳೆದಿದ್ದೇನೆ: ‘ಬಣ್ಣ’, ‘ನೋಡಿದವರು’. ಹೋದ ವಾರ ಮೂಲ ತಳಿ ಗೀಚಿಟ್ಟಿದ್ದ ಆರು ದಿನದ ತಟ್ಟೆಯನ್ನು ಅಕ್ಕನ ಮುಂದೆ ಹಿಡಿದೆ. ಕಿಟಕಿಯ ಹತ್ತಿರ ಒಯ್ದು, ಮುಚ್ಚಳ ತೆಗೆಯದೆ, ಆ ಕಡೆ ಈ ಕಡೆ ತಿರುಗಿಸಿ ನೋಡಿದರು.

"ತೆಳು ಗುಲಾಬಿ. ಎಲ್ಲಾ ಒಂದೇ ಥರ. ಒಂದೂ ಬಿಳಿ ಇಲ್ಲ."

ಹಾಗೆಯೇ ಬರೆದೆ, ಒಂದಕ್ಷರ ಬಿಡದೆ. ಪುಸ್ತಕವನ್ನು ತಿರುಗಿಸಿ ಅವರ ಕಡೆಗಿಟ್ಟೆ. ಎರಡನೆಯ ಅಂಕಣದಲ್ಲಿ ನಿಧಾನವಾಗಿ ತಮ್ಮ ಪೂರ್ತಿ ಹೆಸರು ಬರೆದು ರುಜು ಹಾಕಿದರು. ಆರು ವರ್ಷವಾಯಿತು ನಾನಿಲ್ಲಿಗೆ ಬಂದು. ಅವರ ಹೆಸರೇನೆಂದು ಇವತ್ತು ಗೊತ್ತಾಯಿತು.

"ತಾರೀಖು?" ಎಂದರು.

ಹಾಕಿದೆ.